ನಾರ್ಥಾಂಪ್ಟನ್‌ಶೈರ್: ಕುಂಬ್ಳೆ ಆಡಿದ ಕೌಂಟಿ, ಕಿರೀಟ ಸಿಗದ ಕೌಂಟಿ

ಪ್ರಶ್ನೆ: ಅನಿಲ್ ಕುಂಬ್ಳೆ 1995ರಲ್ಲಿ ನಾರ್ಥಾಂಪ್ಟನ್‌ಶೈರ್ ಪರ ಆಡಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದಿದ್ದರು ಎಂದು ನಮ್ಮ ತಂದೆ ಆಗಾಗ ಹೇಳುತ್ತಿದ್ದರು. ಈಚೆಗೆ ಕರುಣ್ ನಾಯರ್ ಕೂಡ ಅದೇ ಕೌಂಟಿಗೆ ಹೋಗಿ ಫಾರ್ಮ್‌ಗೆ ಮರಳಿದರು. ಆದರೂ ಯಾರ್ಕ್‌ಶೈರ್, ಸರ್ರೆ, ಲ್ಯಾಂಕಶೈರ್‌ಗಳ ಹೆಸರು ಕೇಳಿದಷ್ಟು ಇದರ ಹೆಸರು ಕೇಳುವುದಿಲ್ಲ. ಈ ಕ್ಲಬ್ಬಿನ ಇತಿಹಾಸವೇನು? ಒಮ್ಮೆಯೂ ಕೌಂಟಿ ಚಾಂಪಿಯನ್‌ಶಿಪ್ ಗೆದ್ದಿಲ್ಲ ಎನ್ನುವುದು ನಿಜವೇ? ಅಲ್ಲಿ ಆಡಿದ ದೊಡ್ಡವರು ಯಾರು?

ಉತ್ತರ: ನಿಜ, ಗೆದ್ದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪ್ರಥಮ ದರ್ಜೆ ಕೌಂಟಿಗಳು, ಅಂದರೆ ಜಿಲ್ಲಾ ತಂಡಗಳು, ಹದಿನೆಂಟು. ಅಧಿಕೃತ ಚಾಂಪಿಯನ್‌ಶಿಪ್ 1890ರಲ್ಲಿ ಶುರುವಾದ ಮೇಲೆ ಒಮ್ಮೆಯೂ ಕಿರೀಟ ಸಿಗದವು ಮೂರೇ: ಸಾಮರ್‌ಸೆಟ್, ಗ್ಲಾಸ್ಟರ್‌ಶೈರ್ ಮತ್ತು ನಾರ್ಥಾಂಪ್ಟನ್‌ಶೈರ್. ನಾರ್ಥಾಂಪ್ಟನ್‌ಶೈರ್ ನಾಲ್ಕು ಸಲ ಎರಡನೇ ಸ್ಥಾನಕ್ಕೆ ಬಂದಿತ್ತು: 1912, 1957, 1965, 1976. ಅದರಲ್ಲಿ ಒಂದು ಸಲ ಕೈತಪ್ಪಿದ ರೀತಿಯನ್ನು ಅಲ್ಲಿನ ಹಳಬರು ಈಗಲೂ ನುಂಗಿಕೊಂಡಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ನಾರ್ಥಾಂಪ್ಟನ್ ಊರು ಲಂಡನ್ನಿನಿಂದ ಉತ್ತರಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿದೆ. ಬೂಟು, ಚಪ್ಪಲಿ ಹೊಲಿಯುವ ಕಾರ್ಖಾನೆಗಳಿಂದ ಹೆಸರಾದ ಊರು. ಕೌಂಟಿ ಚಿಕ್ಕದು, ಜನಸಂಖ್ಯೆ ಕಡಿಮೆ, ಟೆಸ್ಟ್ ಪಂದ್ಯ ನಡೆಯುವ ಮೈದಾನವಿಲ್ಲ, ಹಾಗಾಗಿ ಕೈಯಲ್ಲಿ ಹಣವೂ ಕಡಿಮೆ. ವಾಂಟೇಜ್ ರೋಡ್‌ನ ಅವರ ಮೈದಾನವನ್ನು 1994ರವರೆಗೂ ಊರಿನ ಫುಟ್‌ಬಾಲ್ ಕ್ಲಬ್ಬಿನ ಜೊತೆ ಹಂಚಿಕೊಳ್ಳಬೇಕಾಗಿತ್ತು. ಫುಟ್‌ಬಾಲ್ ಅಂಕಣಕ್ಕೆ ಮೂರು ಕಡೆ ಮಾತ್ರ ಸ್ಟ್ಯಾಂಡ್, ನಾಲ್ಕನೇ ಕಡೆ ಕ್ರಿಕೆಟ್ಟಿನ ಔಟ್‌ಫೀಲ್ಡ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಜಾರ್ಜ್ ಬೆಸ್ಟ್ 1970ರ ಎಫ್‌ಎ ಕಪ್‌ನಲ್ಲಿ ಆರು ಗೋಲು ಹೊಡೆದದ್ದು ಇದೇ ಮೈದಾನದಲ್ಲಿ.

ನನ್ನ ತಿಳಿವಳಿಕೆಯಲ್ಲಿ ಈ ಕ್ಲಬ್ಬಿನ ಇತಿಹಾಸವೆಂದರೆ ಬೇರೆಯವರಿಗೆ ಬೇಡವಾದವರನ್ನು, ದೂರದಿಂದ ಬಂದವರನ್ನು ಕರೆದು ಅವಕಾಶ ಕೊಟ್ಟ ಇತಿಹಾಸ. ಸ್ವಂತ ಮಣ್ಣಿನಲ್ಲಿ ಸಾಕಷ್ಟು ಆಟಗಾರರು ಸಿಗದ ಕೌಂಟಿಗೆ ಬೇರೆ ದಾರಿ ಇರಲಿಲ್ಲ. ಕುಂಬ್ಳೆ, ಕರುಣ್ ಇಬ್ಬರೂ ಆ ಸಾಲಿನಲ್ಲೇ ಬರುತ್ತಾರೆ.

ಕ್ಲಬ್ ಸ್ಥಾಪನೆಯಾದದ್ದು 1878ರಲ್ಲಿ. ಚಾಂಪಿಯನ್‌ಶಿಪ್‌ಗೆ ಪ್ರವೇಶ ಸಿಕ್ಕಿದ್ದು 1905ರಲ್ಲಿ. ಆ ಬಡ್ತಿಗೆ ಮುಖ್ಯ ಕಾರಣ ಜಾರ್ಜ್ ಥಾಂಪ್ಸನ್ ಎಂಬ ಆಲ್‌ರೌಂಡರ್. ಈ ಕೌಂಟಿಯಿಂದ ಇಂಗ್ಲೆಂಡ್ ತಂಡಕ್ಕೆ ಹೋದ ಮೊದಲಿಗರೂ ಅವರೇ. ತಂಡ ಚಾಂಪಿಯನ್‌ಶಿಪ್‌ಗೆ ಬಂದ ಎರಡೇ ವರ್ಷಕ್ಕೆ, 1907ರ ಜೂನ್‌ನಲ್ಲಿ, ಗ್ಲಾಸ್ಟರ್‌ನಲ್ಲಿ ಇಡೀ ತಂಡ 12 ರನ್ನಿಗೆ ಆಲೌಟ್ ಆಯಿತು. ಹನ್ನೆರಡು! ಎಡಗೈ ಸ್ಪಿನ್ನರ್ ಜಾರ್ಜ್ ಡೆನೆಟ್ 9 ರನ್ ಕೊಟ್ಟು 8 ವಿಕೆಟ್ ಕಿತ್ತರು. ಎರಡನೇ ಇನಿಂಗ್ಸ್‌ನಲ್ಲಿ 40ಕ್ಕೆ 7 ಆಗಿದ್ದಾಗ ಮಳೆ ಬಂದು ಪಂದ್ಯ ಡ್ರಾ ಆಯಿತು. ಇಷ್ಟಾದ ತಂಡ ಐದೇ ವರ್ಷದಲ್ಲಿ, 1912ರಲ್ಲಿ, ಯಾರ್ಕ್‌ಶೈರ್‌ನ ಬೆನ್ನಿಗೇ ಬಂದು ಎರಡನೇ ಸ್ಥಾನದಲ್ಲಿ ನಿಂತಿತು. ಇಡೀ ಸೀಸನ್ನಿಗೆ ಅವರು ಬಳಸಿದ್ದು ಹನ್ನೆರಡೇ ಆಟಗಾರರನ್ನು. ಥಾಂಪ್ಸನ್ ಜೊತೆಗೆ ಬೌಲಿಂಗ್ ಭಾರ ಹೊತ್ತ ಸಿಡ್ನಿ ಸ್ಮಿತ್ ಟ್ರಿನಿಡಾಡ್‌ನಿಂದ ಬಂದವರು. ಹೊರಗಿನವರನ್ನು ಕರೆದುಕೊಳ್ಳುವ ರೂಢಿ ಅಷ್ಟು ಹಳೆಯದು.

1930ರ ದಶಕವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1935ರ ಮೇ 14ರಂದು ಟಾಂಟನ್‌ನಲ್ಲಿ ಸಾಮರ್‌ಸೆಟ್ ವಿರುದ್ಧ ಗೆದ್ದ ನಾರ್ಥಾಂಪ್ಟನ್‌ಶೈರ್ ಚಾಂಪಿಯನ್‌ಶಿಪ್‌ನಲ್ಲಿ ಮತ್ತೆ ಗೆದ್ದದ್ದು 1939ರ ಮೇ 29ರಂದು. ನಡುವೆ 99 ಪಂದ್ಯ, ಒಂದೂ ಗೆಲುವಿಲ್ಲ. ತಂಡದಲ್ಲಿ ಪ್ರತಿಭೆಯೇ ಇರಲಿಲ್ಲ ಎಂದುಕೊಳ್ಳಬೇಡಿ. ಎಡಗೈ ವೇಗಿ ನಾಬಿ ಕ್ಲಾರ್ಕ್ ಇದ್ದರು. ಕೌಂಟಿಯ ಪರ ಅತಿ ಹೆಚ್ಚು, ಅಂದರೆ 1,102 ವಿಕೆಟ್ ಪಡೆದವರು ಇವತ್ತಿಗೂ ಅವರೇ. ಆರಂಭಿಕ ದಾಂಡಿಗ ಫ್ರೆಡ್ ಬೇಕ್‌ವೆಲ್ ಇದ್ದರು. ಬೌಲರ್‌ಗೆ ಪೂರ್ತಿ ಎದೆ ತೋರಿಸಿ ನಿಲ್ಲುವ ವಿಚಿತ್ರ ಭಂಗಿ ಅವರದು, ಆದರೆ ಹೊಡೆತಗಳು ಅಮೋಘ. 1933ರಲ್ಲಿ ಒಂದರ ಹಿಂದೊಂದು ಇನಿಂಗ್ಸ್‌ನಲ್ಲಿ 246, 257 ಬಾರಿಸಿದರು. ಅದೇ ವರ್ಷ ಓವಲ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್ ಶತಕವೂ ಬಂತು.

1936ರ ಆಗಸ್ಟ್‌ನಲ್ಲಿ ಚೆಸ್ಟರ್‌ಫೀಲ್ಡ್‌ನಲ್ಲಿ ಡರ್ಬಿಶೈರ್ ವಿರುದ್ಧ ಬೇಕ್‌ವೆಲ್ ಔಟಾಗದೆ 241 ಗಳಿಸಿದರು. ಆ ವರ್ಷದ ಚಾಂಪಿಯನ್ ತಂಡದ ವಿರುದ್ಧ! ಪಂದ್ಯ ಮುಗಿಸಿ ಸಹ ಆಟಗಾರ ರೆಜಿನಾಲ್ಡ್ ನಾರ್ಥ್‌ವೇ ಜೊತೆ ಕಾರಿನಲ್ಲಿ ಮನೆಗೆ ಹೊರಟಿದ್ದಾಗ ಅಪಘಾತವಾಯಿತು. ನಾರ್ಥ್‌ವೇ ತೀರಿಕೊಂಡರು. ಬೇಕ್‌ವೆಲ್ ಅವರ ಬಲಗೈ ನುಜ್ಜುಗುಜ್ಜಾಯಿತು. ಆಗ ಅವರಿಗೆ 27 ವರ್ಷ. ಮತ್ತೆಂದೂ ಪ್ರಥಮ ದರ್ಜೆ ಪಂದ್ಯ ಆಡಲಿಲ್ಲ. ಈ ಕೌಂಟಿಗೆ ಆಡಿದ ಅತಿ ದೊಡ್ಡ ಪ್ರತಿಭೆ ಯಾರೆಂದು ಕೇಳಿದರೆ ನಾನು ಮೊದಲು ನೆನೆಯುವುದು ಅವರನ್ನೇ.

99 ಪಂದ್ಯಗಳ ಬರಗಾಲ ಮುಗಿದದ್ದು ಲೆಸ್ಟರ್‌ಶೈರ್ ವಿರುದ್ಧ, ಇನಿಂಗ್ಸ್ ಮತ್ತು 193 ರನ್‌ಗಳಿಂದ. ಆ ಪಂದ್ಯದಲ್ಲಿ 187 ಹೊಡೆದವರು ಡೆನ್ನಿಸ್ ಬ್ರೂಕ್ಸ್. ಇವರನ್ನು ನೀವು ವಿಶೇಷವಾಗಿ ನೆನಪಿಟ್ಟುಕೊಳ್ಳಬೇಕು. ಹುಟ್ಟಿದ್ದು ಯಾರ್ಕ್‌ಶೈರ್‌ನಲ್ಲಿ, ಆದರೆ 1934ರಿಂದ 1959ರವರೆಗೆ ಆಡಿದ್ದು ನಾರ್ಥಾಂಪ್ಟನ್‌ಶೈರ್‌ಗೆ. ಕೌಂಟಿಯ ಪರ 28,980 ರನ್, 67 ಶತಕ. ಎರಡೂ ದಾಖಲೆಗಳನ್ನು ಇನ್ನೂ ಯಾರೂ ಮುರಿದಿಲ್ಲ. ಸಿಕ್ಕ ಒಂದೇ ಟೆಸ್ಟ್ 1948ರಲ್ಲಿ ಬಾರ್ಬಡೋಸ್‌ನಲ್ಲಿ. ಅಲ್ಲಿ ಬೆರಳು ಮುರಿಯಿತು, ಅಲ್ಲಿಗೆ ಮುಗಿಯಿತು. ಸಂಬಳಕ್ಕೆ ಆಡುವ ವೃತ್ತಿಪರರು ಒಂದು ಬಾಗಿಲಿಂದ, ಸಿರಿವಂತ ಹವ್ಯಾಸಿಗಳು ಇನ್ನೊಂದು ಬಾಗಿಲಿಂದ ಮೈದಾನಕ್ಕೆ ಇಳಿಯುತ್ತಿದ್ದ ಕಾಲದಲ್ಲಿ, ಈ ಕ್ಲಬ್ 1954ರಲ್ಲಿ ವೃತ್ತಿಪರರಾದ ಬ್ರೂಕ್ಸ್ ಅವರನ್ನೇ ನಾಯಕರನ್ನಾಗಿ ಮಾಡಿತು. ಆಟ ಬಿಟ್ಟ ಮೇಲೂ ಅವರು ಕ್ಲಬ್ಬಿನಲ್ಲೇ ಉಳಿದರು, ಕೊನೆಗೆ ಅಧ್ಯಕ್ಷರೂ ಆದರು. ಬೇಕ್‌ವೆಲ್ ಅತಿ ದೊಡ್ಡ ಪ್ರತಿಭೆಯಾದರೆ, ಕೌಂಟಿಗಾಗಿ ಅತಿ ಹೆಚ್ಚು ದುಡಿದವರು ಬ್ರೂಕ್ಸ್.

ಯುದ್ಧ ಮುಗಿದ ಮೇಲೆ, 1949ರಲ್ಲಿ ಫ್ರೆಡ್ಡಿ ಬ್ರೌನ್ ನಾಯಕರಾಗಿ ಬಂದರು. ತಳದಲ್ಲಿದ್ದ ತಂಡ ಆ ಒಂದೇ ವರ್ಷದಲ್ಲಿ ಆರನೇ ಸ್ಥಾನಕ್ಕೇರಿತು. ಊರಿನ ಬ್ರಿಟಿಷ್ ಟಿಮ್‌ಕೆನ್ ಎಂಬ ಎಂಜಿನಿಯರಿಂಗ್ ಕಂಪನಿ ಹೊರಗಿನಿಂದ ಬಂದ ಆಟಗಾರರಿಗೆ ಕೆಲಸ ಕೊಟ್ಟು ಆಸರೆಯಾಯಿತು. ಕ್ಲಬ್ಬಿಗೆ ಕೊಡಲಾಗದ ಸಂಬಳವನ್ನು ಕಾರ್ಖಾನೆ ಕೊಟ್ಟಿತು ಎನ್ನಬಹುದು. ಹೀಗೆ ಕಟ್ಟಿದ ತಂಡದಲ್ಲಿ ಆಸ್ಟ್ರೇಲಿಯಾದ ಇಬ್ಬರು ಎಡಗೈ ಸ್ಪಿನ್ನರ್‌ಗಳು: ಜಾರ್ಜ್ ಟ್ರೈಬ್ ಮತ್ತು ಜ್ಯಾಕ್ ಮ್ಯಾನಿಂಗ್. ಟ್ರೈಬ್ ಎಡಗೈಯಲ್ಲಿ ಮಣಿಕಟ್ಟು ತಿರುಗಿಸಿ ಎಸೆಯುತ್ತಿದ್ದ ಚೆಂಡು ಯಾವ ಕಡೆ ತಿರುಗುತ್ತದೆಂದು ದಾಂಡಿಗರಿಗೆ ತಿಳಿಯುತ್ತಿರಲಿಲ್ಲ. ಅದನ್ನು ಓದಬಲ್ಲವರೆಂದರೆ ವಿಕೆಟ್ ಹಿಂದಿದ್ದ ಕೀತ್ ಆಂಡ್ರ್ಯೂ. 1958ರಲ್ಲಿ ಯಾರ್ಕ್‌ಶೈರ್ ವಿರುದ್ಧ ಟ್ರೈಬ್ ಒಂದೇ ಪಂದ್ಯದಲ್ಲಿ 31 ರನ್ನಿಗೆ 15 ವಿಕೆಟ್ ಪಡೆದರು. ಎರಡನೇ ಇನಿಂಗ್ಸ್‌ನಲ್ಲಿ 9 ರನ್ನಿಗೆ 8.

ಅದೇ ತಂಡದಲ್ಲಿ 'ಟೈಫೂನ್' ಎಂದು ಹೆಸರಾದ ವೇಗಿ ಫ್ರ್ಯಾಂಕ್ ಟೈಸನ್ ಇದ್ದರು. ಲ್ಯಾಂಕಶೈರ್ ತಮಗೆ ಬೇಡವೆಂದು ಬಿಟ್ಟ ಹುಡುಗ. 1954-55ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ 28 ವಿಕೆಟ್ ಕಿತ್ತು ಇಂಗ್ಲೆಂಡಿಗೆ ಆ್ಯಷಸ್ ಉಳಿಸಿಕೊಟ್ಟರು. ಮೆಲ್ಬರ್ನ್‌ನಲ್ಲಿ 27ಕ್ಕೆ 7. ಆದರೆ ಊರಿಗೆ ಬಂದರೆ ವಾಂಟೇಜ್ ರೋಡ್‌ನ ಪಿಚ್ ನಿಧಾನಗತಿಯದು, ಸ್ಪಿನ್ನರ್‌ಗಳಿಗೆ ಹೇಳಿ ಮಾಡಿಸಿದ್ದು. ಜಗತ್ತಿನ ಅತಿ ವೇಗದ ಬೌಲರ್ ತನ್ನ ಮನೆಯ ಅಂಗಳದಲ್ಲೇ ಬೆವರು ಸುರಿಸಿ ಸುಸ್ತಾಗಬೇಕಾಯಿತು. ಸ್ಪಿನ್ ಪಿಚ್‌ನಿಂದ ಕೌಂಟಿಗೆ 1957ರ ಎರಡನೇ ಸ್ಥಾನ ಸಿಕ್ಕಿತು, ಸರಿ. ಆದರೂ ಟೈಸನ್‌ಗೆ ಅನ್ಯಾಯವಾಯಿತು ಎಂದೇ ನನ್ನ ಅಭಿಪ್ರಾಯ. ಟೈಸನ್ 1960ರಲ್ಲೇ ಆಟ ನಿಲ್ಲಿಸಿದರು.

ಬ್ರೂಕ್ಸ್ ನಂತರ ನಾಯಕರಾದವರು ರಾಮನ್ ಸುಬ್ಬರಾವ್. ತಂದೆ ಆಂಧ್ರದವರು, ತಾಯಿ ಇಂಗ್ಲಿಷರು. ಸರ್ರೆಯಿಂದ ಇಲ್ಲಿಗೆ ಬಂದವರು, 1958ರಲ್ಲಿ ಅದೇ ಸರ್ರೆ ವಿರುದ್ಧ ಓವಲ್‌ನಲ್ಲಿ 300 ಹೊಡೆದರು.

ಈಗ 1965ಕ್ಕೆ ಬರೋಣ. ಕೀತ್ ಆಂಡ್ರ್ಯೂ ನಾಯಕರು. ಆಗಸ್ಟ್ ಕೊನೆಯ ಹೊತ್ತಿಗೆ ನಾರ್ಥಾಂಪ್ಟನ್‌ಶೈರ್ ತನ್ನ ಪಂದ್ಯಗಳನ್ನು ಮುಗಿಸಿ ಪಟ್ಟಿಯ ಮೇಲ್ತುದಿಯಲ್ಲಿ ಕೂತಿತ್ತು. ವೂಸ್ಟರ್‌ಶೈರ್‌ಗೆ ಇನ್ನೂ ಪಂದ್ಯಗಳಿದ್ದವು. ಅದರಲ್ಲೊಂದು ಬೋರ್ನ್‌ಮತ್‌ನಲ್ಲಿ ಹ್ಯಾಂಪ್‌ಶೈರ್ ವಿರುದ್ಧ. ಮಳೆಯಿಂದ ಹೊತ್ತು ಹಾಳಾಗಿತ್ತು. ಪಂದ್ಯಕ್ಕೆ ಜೀವ ಬರಲೆಂದು ಹ್ಯಾಂಪ್‌ಶೈರ್ ನಾಯಕ ಇಂಗಲ್‌ಬಿ-ಮೆಕೆಂಜಿ 146 ರನ್ ಹಿಂದಿರುವಾಗಲೇ ಡಿಕ್ಲೇರ್ ಮಾಡಿಕೊಂಡರು. ವೂಸ್ಟರ್‌ಶೈರ್ ಒಂದೇ ಒಂದು ಚೆಂಡು ಆಡಿ, ಸೊನ್ನೆ ರನ್ನಿಗೆ ತಾನೂ ಡಿಕ್ಲೇರ್ ಮಾಡಿತು. ಹ್ಯಾಂಪ್‌ಶೈರ್‌ಗೆ ಗುರಿ 147. ಅಷ್ಟರಲ್ಲಿ ಬಿಸಿಲು ಬಂದು ಒದ್ದೆ ಪಿಚ್ ಒಣಗತೊಡಗಿತು. ಆ ಕಾಲದಲ್ಲಿ ಪಿಚ್ ಮುಚ್ಚುತ್ತಿರಲಿಲ್ಲ. ಅಂಥ ಪಿಚ್ಚಿನಲ್ಲಿ ಚೆಂಡು ಯಾವಾಗ ಪುಟಿಯುತ್ತದೆ, ಯಾವಾಗ ಮಲಗುತ್ತದೆ ಎಂದು ದೇವರಿಗೇ ಗೊತ್ತು. ವೂಸ್ಟರ್‌ಶೈರ್ ಬೌಲರ್‌ಗಳಾದ ಫ್ಲಾವೆಲ್‌ಗೆ ಐದು ವಿಕೆಟ್, ಕೋಲ್ಡ್‌ವೆಲ್‌ಗೆ ಐದು, ಹ್ಯಾಂಪ್‌ಶೈರ್ 31ಕ್ಕೆ ಆಲೌಟ್. ಕೊನೆಗೆ ವೂಸ್ಟರ್‌ಶೈರ್ 144 ಅಂಕ, ನಾರ್ಥಾಂಪ್ಟನ್‌ಶೈರ್ 140. ನಾಲ್ಕೇ ನಾಲ್ಕು ಅಂಕ. ವೂಸ್ಟರ್‌ಶೈರ್ ಹೆಚ್ಚು ಪಂದ್ಯ ಗೆದ್ದಿತ್ತು ಎನ್ನುವುದನ್ನೂ ಹೇಳಬೇಕು, 13ಕ್ಕೆ 10. ಹಾಗಾಗಿ ಮೋಸವಾಯಿತು ಎನ್ನಲಾರೆ. ಆದರೆ ಮೈದಾನಕ್ಕಿಳಿಯದೆಯೇ ಕಿರೀಟ ಕಳೆದುಕೊಂಡವರ ಸಂಕಟ ಸಣ್ಣದಲ್ಲ.

ಆ ತಂಡದ ಕಣ್ಮಣಿ ಕಾಲಿನ್ ಮಿಲ್ಬರ್ನ್. ಡರಮ್ ಕಡೆಯ ಹುಡುಗ. ಆಗ ಡರಮ್‌ಗೆ ಪ್ರಥಮ ದರ್ಜೆ ಸ್ಥಾನ ಇರಲಿಲ್ಲ, ಇಲ್ಲಿಗೆ ಬಂದರು. ನೂರು ಕಿಲೋ ದಾಟಿದ ಮೈ, ಆದರೆ ಶಾರ್ಟ್ ಲೆಗ್‌ನಲ್ಲಿ ನಿಂತು 1964ರ ಒಂದೇ ಸೀಸನ್ನಿನಲ್ಲಿ 43 ಕ್ಯಾಚ್ ಹಿಡಿದವರು. ಹುಕ್, ಪುಲ್ ಹೊಡೆಯಲು ನಿಂತರೆ ಜನ ಕೆಲಸ ಬಿಟ್ಟು ಬಂದು ನೋಡುತ್ತಿದ್ದರು. 1968ರ ನವೆಂಬರ್‌ನಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ಪರ ಬ್ರಿಸ್ಬೇನ್‌ನಲ್ಲಿ 243 ಹೊಡೆದಾಗ, ಊಟದಿಂದ ಟೀ ವಿರಾಮದ ನಡುವೆಯೇ 181 ರನ್ ಬಂದವು. 1969ರ ಮಾರ್ಚ್‌ನಲ್ಲಿ ಕರಾಚಿ ಟೆಸ್ಟ್‌ನಲ್ಲಿ 139. ಎರಡೂವರೆ ತಿಂಗಳಾಗಿರಲಿಲ್ಲ, ಮೇ 23ರ ರಾತ್ರಿ ಕಾರು ಅಪಘಾತದಲ್ಲಿ ಎಡಗಣ್ಣು ಹೋಯಿತು. 1973, 74ರಲ್ಲಿ ಮತ್ತೆ ಪ್ರಯತ್ನಿಸಿದರು, ಮೊದಲಿನ ಆಟ ಬರಲಿಲ್ಲ. 1990ರಲ್ಲಿ, 48ನೇ ವಯಸ್ಸಿಗೇ ಹೋಗಿಬಿಟ್ಟರು. ಬೇಕ್‌ವೆಲ್, ಮಿಲ್ಬರ್ನ್: ಒಂದೇ ಕೌಂಟಿಯ ಇಬ್ಬರು ಆರಂಭಿಕ ದಾಂಡಿಗರು, ಇಬ್ಬರೂ ಇಪ್ಪತ್ತೇಳನೇ ವಯಸ್ಸಿನಲ್ಲಿ, ಇಬ್ಬರೂ ರಸ್ತೆಯಲ್ಲಿ.

ಡೇವಿಡ್ ಸ್ಟೀಲ್ ಕಥೆ ಬೇರೆ. ನರೆತ ಕೂದಲು, ಕನ್ನಡಕ, 33 ವರ್ಷ. 1975ರಲ್ಲಿ ಆಸ್ಟ್ರೇಲಿಯಾದ ವೇಗಿಗಳಾದ ಲಿಲಿ, ಥಾಮ್ಸನ್ ಎದುರು ಇಂಗ್ಲೆಂಡ್ ತತ್ತರಿಸಿದ್ದಾಗ ಈ ಮನುಷ್ಯನನ್ನು ಕರೆದರು. ಮೂರು ಟೆಸ್ಟ್‌ಗಳಲ್ಲಿ 365 ರನ್. ಊರಿನ ಮಾಂಸದಂಗಡಿಯವರೊಬ್ಬರು ಐವತ್ತರವರೆಗೆ ರನ್ನಿಗೊಂದು ಕುರಿಮಾಂಸದ ಚಾಪ್, ಅದರಾಚೆ ಪ್ರತಿ ರನ್ನಿಗೂ ಸ್ಟೇಕ್ ಕೊಡುವುದಾಗಿ ಮಾತು ಕೊಟ್ಟಿದ್ದರು. ಸ್ಟೀಲ್ ಮನೆಯಲ್ಲಿ ಮಾಂಸಕ್ಕೆ ಬರವಿರಲಿಲ್ಲ. ಆ ವರ್ಷ ಬಿಬಿಸಿಯ ಶ್ರೇಷ್ಠ ಕ್ರೀಡಾಪಟು ಪ್ರಶಸ್ತಿ ಅವರಿಗೇ. ಮರುವರ್ಷ ವೆಸ್ಟ್ ಇಂಡೀಸ್ ವಿರುದ್ಧ ಶತಕವನ್ನೂ ಹೊಡೆದರು. ಆದರೂ 1976-77ರ ಭಾರತ ಪ್ರವಾಸಕ್ಕೆ ಆರಿಸಲಿಲ್ಲ, ಸ್ಪಿನ್ ಆಡಲಾರರೆಂಬ ಅನುಮಾನದಿಂದ. ಬಿಷನ್ ಸಿಂಗ್ ಬೇಡಿ ಅವರದೇ ಕೌಂಟಿಯಲ್ಲಿದ್ದರು, ಇಬ್ಬರೂ ವರ್ಷಗಟ್ಟಲೆ ಒಂದೇ ತಂಡದಲ್ಲಿ ಆಡಿದವರು. ಬೇಡಿ ಎಸೆತಕ್ಕೆ ಒಗ್ಗಿದ ಕಣ್ಣನ್ನು ಬಿಟ್ಟು ಬಂದದ್ದು ನನಗಂತೂ ಸರಿ ಕಾಣುವುದಿಲ್ಲ.

ಬೇಡಿ 1972ರಿಂದ 1977ರವರೆಗೆ ಅಲ್ಲಿ ಆಡಿದರು. ನಮ್ಮ ಪ್ರಸನ್ನ, ಚಂದ್ರಶೇಖರ್ ಜೊತೆ ಚಳಿಗಾಲದಲ್ಲಿ ಬೌಲ್ ಮಾಡಿ, ಬೇಸಿಗೆಯಲ್ಲಿ ನಾರ್ಥಾಂಪ್ಟನ್‌ಗೆ ಹೋಗುತ್ತಿದ್ದರು. ಜೊತೆಗೆ ಪಾಕಿಸ್ತಾನದ ಮುಷ್ತಾಕ್ ಮೊಹಮ್ಮದ್ ಮತ್ತು ಸರ್ಫ್ರಾಜ್ ನವಾಜ್. 1976ರಲ್ಲಿ ಮುಷ್ತಾಕ್ ನಾಯಕರಾಗಿ ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸ್ಥಾನ ತಂದರು, ಒಂದು ದಿನದ ಪಂದ್ಯಗಳ ಜಿಲೆಟ್ ಕಪ್ಪನ್ನೂ ಗೆದ್ದರು. ಕ್ಲಬ್ಬಿನ ಮೊದಲ ಟ್ರೋಫಿ ಅದು. ಲಾರ್ಡ್ಸ್ ಫೈನಲ್‌ನಲ್ಲಿ ಲ್ಯಾಂಕಶೈರ್ ಇನಿಂಗ್ಸ್‌ನ ಕೊನೆಯ ಓವರ್ ಬೇಡಿ ಎಸೆದರು. ಡೇವಿಡ್ ಹ್ಯೂಸ್ ಅದರಲ್ಲಿ 26 ಬಾರಿಸಿದರು. ಆದರೂ 196ರ ಗುರಿಯನ್ನು ನಾರ್ಥಾಂಪ್ಟನ್‌ಶೈರ್ ನಾಲ್ಕು ವಿಕೆಟ್ ಉಳಿದಂತೆ ದಾಟಿತು. ಮರುವರ್ಷವೇ ತಂಡ ಚದುರಿತು. ಮುಷ್ತಾಕ್ ಆಸ್ಟ್ರೇಲಿಯಾದ ಉದ್ಯಮಿ ಕೆರ್ರಿ ಪ್ಯಾಕರ್ ನಡೆಸಿದ ಖಾಸಗಿ ಸರಣಿಯ ಕಡೆ ಹೋದರು, ಬೇಡಿ ಅವರ ಒಪ್ಪಂದವೂ ಮುಗಿಯಿತು. ಕಪಿಲ್ ದೇವ್ 1981ರಿಂದ 83ರವರೆಗೆ ಆಗೊಮ್ಮೆ ಈಗೊಮ್ಮೆ ಆಡಿದರು.

1978ರಲ್ಲಿ ಬಂದ ದಕ್ಷಿಣ ಆಫ್ರಿಕಾದ ಅಲನ್ ಲ್ಯಾಂಬ್ ಮುಂದೆ ಇಂಗ್ಲೆಂಡಿಗೂ ಆಡಿದರು, 1995ರವರೆಗೂ ಇಲ್ಲೇ ಉಳಿದರು. 1980ರ ಬೆನ್ಸನ್ ಅಂಡ್ ಹೆಡ್ಜಸ್ ಕಪ್, 1992ರ ನ್ಯಾಟ್‌ವೆಸ್ಟ್ ಟ್ರೋಫಿ, ಎರಡರಲ್ಲೂ ಅವರಿದ್ದರು. ಅವರ ಕಾಲದ ವಿದೇಶಿ ಬೌಲರ್ ಕರ್ಟ್ಲಿ ಆಂಬ್ರೋಸ್. 1995ರಲ್ಲಿ ವೆಸ್ಟ್ ಇಂಡೀಸ್ ತಂಡ ಇಂಗ್ಲೆಂಡ್ ಪ್ರವಾಸದಲ್ಲಿತ್ತಾದ್ದರಿಂದ ಆಂಬ್ರೋಸ್ ಸಿಗುವಂತಿರಲಿಲ್ಲ. ಆ ಜಾಗಕ್ಕೆ ಕುಂಬ್ಳೆ. ಅದೇ ಕಾರಣಕ್ಕೆ ಗ್ಲಾಸ್ಟರ್‌ಶೈರ್‌ನಲ್ಲಿ ಕರ್ಟ್ನಿ ವಾಲ್ಷ್ ಜಾಗಕ್ಕೆ ಹೋದವರು ಜಾವಗಲ್ ಶ್ರೀನಾಥ್. ಒಂದೇ ಬೇಸಿಗೆ, ಇಬ್ಬರು ಕನ್ನಡಿಗರು, ಇಬ್ಬರೂ ವೆಸ್ಟ್ ಇಂಡೀಸ್ ದೈತ್ಯರ ಬದಲಿಗೆ.

ಕುಂಬ್ಳೆ ಆ ಸೀಸನ್ನಿನಲ್ಲಿ 105 ವಿಕೆಟ್ ಪಡೆದರು, ಸರಾಸರಿ 20ರ ಆಸುಪಾಸು. ನಿಮ್ಮ ತಂದೆ ಹೇಳಿದ್ದು ಸರಿ. ಇಂಗ್ಲಿಷ್ ದಾಂಡಿಗರು ಲೆಗ್ ಸ್ಪಿನ್ನರ್ ಎಂದರೆ ಚೆಂಡು ಮೇಲೆ ತೇಲಿ, ದೊಡ್ಡದಾಗಿ ತಿರುಗಬೇಕು ಎಂದುಕೊಂಡು ನಿಲ್ಲುತ್ತಿದ್ದರು. ಕುಂಬ್ಳೆ ಚೆಂಡು ರಭಸವಾಗಿ ಬಂದು, ಪುಟಿದು, ನೇರ ಪ್ಯಾಡ್‌ಗೆ ಬಡಿಯುತ್ತಿತ್ತು. ಹಿಂದಡಿ ಇಟ್ಟರೆ ಎಲ್‌ಬಿ, ಮುಂದಡಿ ಇಟ್ಟರೆ ಹತ್ತಿರ ನಿಂತವರಿಗೆ ಕ್ಯಾಚ್. ಆ ವರ್ಷದ ಒಂದು ಪಂದ್ಯವನ್ನಂತೂ ಹೇಳಲೇಬೇಕು. ವಾಂಟೇಜ್ ರೋಡ್‌ನಲ್ಲಿ ನಾಟಿಂಗ್‌ಹ್ಯಾಮ್‌ಶೈರ್ ಮೊದಲು ಬ್ಯಾಟ್ ಮಾಡಿ 527 ಗಳಿಸಿತು. ಯಾರೇ ಆದರೂ ಸೋಲಿಲ್ಲವೆಂದು ನಿಶ್ಚಿಂತೆಯಿಂದ ಮಲಗುವ ಮೊತ್ತ. ನಾರ್ಥಾಂಪ್ಟನ್‌ಶೈರ್ ಏಳು ವಿಕೆಟ್‌ಗೆ 781 ಹೊಡೆದು ಡಿಕ್ಲೇರ್ ಮಾಡಿತು, ಎದುರಾಳಿಯನ್ನು 157ಕ್ಕೆ ಉರುಳಿಸಿ ಇನಿಂಗ್ಸ್ ಮತ್ತು 97 ರನ್‌ಗಳಿಂದ ಗೆದ್ದಿತು. ಚಾಂಪಿಯನ್ ಆದ ವಾರ್ವಿಕ್‌ಶೈರ್‌ನ್ನು ಅವರದೇ ಮೈದಾನದಲ್ಲಿ 7 ರನ್‌ಗಳಿಂದ ಸೋಲಿಸಿದರು. 17 ಪಂದ್ಯಗಳಲ್ಲಿ 12 ಗೆಲುವು. ಆದರೂ ಸಿಕ್ಕಿದ್ದು ಮೂರನೇ ಸ್ಥಾನ! ನ್ಯಾಟ್‌ವೆಸ್ಟ್ ಫೈನಲ್‌ನಲ್ಲೂ ಅದೇ ವಾರ್ವಿಕ್‌ಶೈರ್ ಎದುರು ಸೋಲು. ಎರಡನೇ ಸ್ಥಾನ ಪಡೆದ ನಾಲ್ಕೂ ತಂಡಗಳಿಗಿಂತ 1995ರ ಈ ಮೂರನೇ ಸ್ಥಾನದ ತಂಡವೇ ಬಲವಾದದ್ದು ಎನ್ನುತ್ತೇನೆ. 1996ರಲ್ಲಿ ಕ್ರಿಕೆಟ್ ವಾರ್ಷಿಕ ಗ್ರಂಥ ವಿಸ್ಡನ್ ಆರಿಸಿದ ವರ್ಷದ ಐವರು ಕ್ರಿಕೆಟಿಗರಲ್ಲಿ ಕುಂಬ್ಳೆ ಒಬ್ಬರು.

ಆಮೇಲಿನ ವರ್ಷಗಳಲ್ಲಿ ಆಸ್ಟ್ರೇಲಿಯಾದ ಮೈಕ್ ಹಸ್ಸಿ 2001, 2002, 2003ರಲ್ಲಿ ವರ್ಷಕ್ಕೊಂದರಂತೆ ತ್ರಿಶತಕ ಹೊಡೆದರು. ಕೊನೆಯದು ಔಟಾಗದೆ 331, ಕೌಂಟಿಯ ದಾಖಲೆ. ಟಿ20ಯಲ್ಲಿ ಮಾತ್ರ ಈ ಕ್ಲಬ್ ದೊಡ್ಡವರಿಗೆ ದೊಡ್ಡವರಾಯಿತು. 2013ರ ಫೈನಲ್‌ನಲ್ಲಿ ಸರ್ರೆಯನ್ನು ಸೋಲಿಸಿದ್ದು ಡೇವಿಡ್ ವಿಲ್ಲಿ: 27 ಚೆಂಡಿಗೆ 60, ಜೊತೆಗೆ ಹ್ಯಾಟ್ರಿಕ್. 1976ರ ಫೈನಲ್‌ನಲ್ಲಿ 65 ಹೊಡೆದ ಪೀಟರ್ ವಿಲ್ಲಿ ಅವರ ಮಗ ಇವರು. 2016ರಲ್ಲಿ ಡರಮ್ ವಿರುದ್ಧ ಮತ್ತೆ ಕಪ್.

ಹಾಗಾದರೆ ಚಾಂಪಿಯನ್‌ಶಿಪ್ ಏಕೆ ಸಿಗುತ್ತಿಲ್ಲ? ನಾಲ್ಕು ದಿನದ ಪಂದ್ಯಗಳ ಉದ್ದನೆಯ ಸೀಸನ್ನಿಗೆ ಹದಿನೆಂಟು, ಇಪ್ಪತ್ತು ಒಳ್ಳೆಯ ಆಟಗಾರರು ಬೇಕು. ಇವರು ಬೆಳೆಸಿದವರನ್ನು ಹೆಚ್ಚಾಗಿ ಟೆಸ್ಟ್ ಮೈದಾನವಿರುವ ಶ್ರೀಮಂತ ಕೌಂಟಿಗಳು ಕರೆದುಕೊಳ್ಳುತ್ತವೆ. ಗ್ರೇಮ್ ಸ್ವಾನ್ ನಾಟಿಂಗ್‌ಹ್ಯಾಮ್‌ಶೈರ್‌ಗೆ ಹೋದರು. ಬೆನ್ ಡಕೆಟ್ ಕೂಡ ಅಲ್ಲಿಗೇ. ಜ್ಯಾಕ್ ಬ್ರೂಕ್ಸ್, ಡೇವಿಡ್ ವಿಲ್ಲಿ ಯಾರ್ಕ್‌ಶೈರ್‌ಗೆ, ಆಲಿ ಸ್ಟೋನ್ ವಾರ್ವಿಕ್‌ಶೈರ್‌ಗೆ. ಮಾಂಟಿ ಪನೇಸರ್ ಸಸೆಕ್ಸ್‌ಗೆ. ಇವರೆಲ್ಲ ಒಟ್ಟಿಗೆ ಉಳಿದಿದ್ದರೆ ಎಂಬ ಲೆಕ್ಕ ಅಲ್ಲಿನ ಅಭಿಮಾನಿಗಳು ಹಾಕುತ್ತಲೇ ಇರುತ್ತಾರೆ. ವಿಲ್ಲಿ 2023ರಲ್ಲಿ ಮರಳಿ ಬಂದದ್ದು ಅವರಿಗೆ ದೊಡ್ಡ ಸಮಾಧಾನ. ಆದರೆ ಅದೇ ವರ್ಷ ತಂಡ ಮೊದಲ ಡಿವಿಷನ್ನಿನ ತಳ ಮುಟ್ಟಿ ಎರಡನೆಯದಕ್ಕೆ ಇಳಿಯಿತು. ಎರಡನೇ ಡಿವಿಷನ್ನಿನಲ್ಲಿದ್ದು ಕಿರೀಟ ಗೆಲ್ಲುವಂತಿಲ್ಲ, ಮೊದಲು ಮೇಲೇರಬೇಕು.

ಕರುಣ್ ಅಲ್ಲಿಗೆ ಹೋದದ್ದು ಆ 2023ರ ಸೆಪ್ಟೆಂಬರ್‌ನಲ್ಲೇ. ಅದಕ್ಕೆ ಒಂದು ತಿಂಗಳ ಮೊದಲು ಪೃಥ್ವಿ ಶಾ ಇದೇ ತಂಡದ ಪರ ಒಂದು ದಿನದ ಪಂದ್ಯದಲ್ಲಿ 244 ಸಿಡಿಸಿದ್ದರು. ಕರುಣ್ ಅವರದು ಬೇರೆ ಪರಿಸ್ಥಿತಿ. ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ತ್ರಿಶತಕ ಹೊಡೆದವರು ಭಾರತ ತಂಡದಿಂದ ದೂರವಾಗಿ, ಕರ್ನಾಟಕ ತಂಡದಲ್ಲೂ ಸ್ಥಾನ ಕಳೆದುಕೊಂಡಿದ್ದರು. ಕ್ರಿಕೆಟ್ಟೇ, ಇನ್ನೊಂದು ಅವಕಾಶ ಕೊಡು ಎಂದು ಬಹಿರಂಗವಾಗಿ ಬರೆದುಕೊಂಡಿದ್ದರು. ನಾರ್ಥಾಂಪ್ಟನ್‌ಶೈರ್ ಮೂರು ಪಂದ್ಯಕ್ಕೆ ಕರೆಯಿತು. ಮೊದಲು 78, ಆಮೇಲೆ ಓವಲ್‌ನಲ್ಲಿ ಸರ್ರೆ ಎದುರು 150. ಆ ಸರ್ರೆ ಅದೇ ತಿಂಗಳು ಚಾಂಪಿಯನ್ ಆಯಿತು. 2024ರಲ್ಲಿ ಮತ್ತೆ ಕರೆದರು. ಏಳು ಪಂದ್ಯಗಳಲ್ಲಿ 487 ರನ್, ಅದರಲ್ಲಿ ಗ್ಲಾಮರ್ಗನ್ ವಿರುದ್ಧ ಔಟಾಗದೆ 202. ವಿದರ್ಭ ಪರ ರಣಜಿಯಲ್ಲಿ ಹರಿಸಿದ ರನ್ ಹೊಳೆಯೇ ಅವರನ್ನು 2025ರ ಜೂನ್‌ನಲ್ಲಿ ಲೀಡ್ಸ್ ಟೆಸ್ಟ್‌ಗೆ ಕರೆದೊಯ್ದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಗ್ಲೆಂಡಿನ ಚಳಿಯಲ್ಲಿ, ಗಾಳಿಯಲ್ಲಿ ತಿರುಗುವ ಹೊಸ ಚೆಂಡಿನ ಎದುರು ಇವರು ನಿಲ್ಲಬಲ್ಲರು ಎಂದು ಆಯ್ಕೆಗಾರರಿಗೆ ತೋರಿಸಲು ಕೈಯಲ್ಲಿದ್ದ ಲೆಕ್ಕವೆಂದರೆ ನಾರ್ಥಾಂಪ್ಟನ್‌ಶೈರ್‌ನ ಆ ಹತ್ತು ಪಂದ್ಯಗಳೇ.